ನಾನು ಅನುವಾದ ಮಾಡದೆ ಬಿಟ್ಟ ಚಿರತೆ

ಕನ್ನಡದಲ್ಲಿ ಕೇಳಿಸಿಕೊಂಡ ನಿಜವನ್ನು ಮರಾಠಿಯಲ್ಲಿ ಸುಳ್ಳು ಮಾಡಿ ಹೇಳಿದವಳು ನಾನು. ಅದಕ್ಕೆ ಸಹಿಯನ್ನೂ ಹಾಕಿದ್ದೇನೆ. ಪೆನ್ನಿನಿಂದಲ್ಲ, ತೋರುಬೆರಳಿನಿಂದ, ಒಂದು ಟ್ಯಾಬ್‌ನ ಗಾಜಿನ ಮೇಲೆ.

ಮೂವತ್ತೊಂದು ವರ್ಷ ಮುಂಬಯಿಯ ಕನ್ನಡ ಶಾಲೆಯಲ್ಲಿ 'ಸುಳ್ಳು ಹೇಳಬಾರದು' ಎಂದು ಮಕ್ಕಳ ಕೈಯಲ್ಲಿ ಕಾಪಿ ಬರೆಸಿದ ಟೀಚರ್ ನಾನು. (ಈ ಅಂಕಣ ಓದುವವರಲ್ಲಿ ಅದನ್ನು ನೂರು ಸಲ ಬರೆದವರೂ ಕೆಲವರಿದ್ದೀರಿ. ಕ್ಷಮೆ ಇರಲಿ.) ರಿಟೈರ್ ಆದಮೇಲೆ ಸುಳ್ಳು ಹೇಳುವ ಅವಕಾಶ ಬಂದಾಗ ಒಂದು ನಿಮಿಷವೂ ಯೋಚಿಸಲಿಲ್ಲ. ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಅಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ಲವೇ?

ಇದನ್ನು ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಟ್ಯಾಬ್ ಹಿಡಿದುಕೊಂಡಿದ್ದ ಹುಡುಗಿಯನ್ನು ಕಳೆದ ವಾರ ಹುಡುಕಿಕೊಂಡು ಹೋಗಿದ್ದೆ. ಅವಳು ಹೇಳಿದ ಮಾತು ಕೇಳಿ ಬಂದಮೇಲೆ ಊಟ ರುಚಿಸುತ್ತಿಲ್ಲ. ಮೊದಲಿನಿಂದ ಹೇಳುತ್ತೇನೆ.

ನಮ್ಮದು ಜೋಗೇಶ್ವರಿ ಈಸ್ಟ್. ಬಿಲ್ಡಿಂಗ್ ಹಳೆಯದು, ಲಿಫ್ಟ್ ಅದಕ್ಕಿಂತ ಹಳೆಯದು. ಹಿಂದುಗಡೆ ಕಾಂಪೌಂಡ್ ದಾಟಿದರೆ ಗುಡ್ಡದ ಇಳಿಜಾರು. ಮೇಲೆ ಊರೊಳಗೇ ಉಳಿದಿರುವ ಕಾಡಿನ ಕಡೆಯಿಂದ ಒಂದು ನಾಲಾ ಇಳಿದು ಬರುತ್ತದೆ. ಮಳೆಗಾಲದಲ್ಲಿ ಅದಕ್ಕೆ ಹೊಳೆಯ ಗತ್ತು, ಉಳಿದ ದಿನ ಕಪ್ಪು ಗೆರೆ. ನಾಲಾ ದೊಡ್ಡ ರಸ್ತೆಯ ಕೆಳಗಿನ ಮೋರಿಯಲ್ಲಿ ನುಗ್ಗಿ, ಆಚೆ ಇರುವ ಗಿಡಗಂಟಿಯ ಇನ್ನೊಂದು ಗುಡ್ಡದ ಕಡೆ ಹೋಗುತ್ತದೆ. ನಾಲಾದ ಈಚೆ ದಂಡೆಯಲ್ಲಿ ಸುಮಾರು ನಲವತ್ತು ಜೋಪಡಾಗಳು. ಇರುವವರೆಲ್ಲ ಬಿಜಾಪುರದ ಕಡೆಯವರು. ಸೆಂಟ್ರಿಂಗ್, ಕಾಂಕ್ರೀಟು, ಕಡಿಕಲ್ಲು ಹೊರುವ ಕೆಲಸ. ಪವಾಯಿಯ ಎತ್ತರೆತ್ತರದ ಟವರುಗಳ ಬುಡದಲ್ಲಿ ಇವರ ಬೆವರಿದೆ, ಒಳಗೆ ಹೋಗಲು ಇವರಿಗೆ ಗೇಟ್‌ಪಾಸ್ ಬೇಕು.

ಅವರಲ್ಲಿ ಯಲ್ಲವ್ವ ಒಬ್ಬಳು. ಸಿಂದಗಿ ತಾಲೂಕಿನವಳು. ಗಂಡ ಸೈಟಿನಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಈಕೆ ನಮ್ಮ ಬಿಲ್ಡಿಂಗಿನ ಮೂರು ಮನೆಗಳಲ್ಲಿ ಪಾತ್ರೆ-ಬಟ್ಟೆ ಮಾಡುತ್ತಾಳೆ. ಅವಳ ಮಗಳು ನನ್ನ ಕ್ಲಾಸಿನಲ್ಲಿ ಓದಿದವಳು. ಹಾಗಾಗಿ ನಾನು ಅವಳಿಗೆ ಅಕ್ಕೋರು. ಟೀಚರಿಗೆ ನಮ್ಮ ಕಡೆ ಹಾಗೇ ಅನ್ನುವುದು. ಧಾರವಾಡ ಬಿಟ್ಟು ನಲವತ್ತು ವರ್ಷ ಆದಮೇಲೂ ಯಾರಾದರೂ ಹಾಗೆ ಕರೆದರೆ ಸೀರೆ ಸರಿಮಾಡಿಕೊಳ್ಳುತ್ತೇನೆ.

ಆ ನಾಲಾದಲ್ಲಿ ಒಂದು ಚಿರತೆ ಓಡಾಡುತ್ತಿತ್ತು.

ಯಲ್ಲವ್ವ ಅದನ್ನು ಚಿರತೆ ಅನ್ನುತ್ತಿರಲಿಲ್ಲ. 'ಆಕಿ' ಅನ್ನುತ್ತಿದ್ದಳು. ಪಕ್ಕದ ಮನೆಯ ಹೆಂಗಸಿನ ಸುದ್ದಿ ಹೇಳುವ ಹಾಗೆ. ಆಕಿ ನಿನ್ನೆ ಬೇಗ ಹೋದಳು, ಆಕಿ ಈ ಸಲ ಎರಡು ಮರಿ ಕರಕೊಂಡು ಬಂದಿದ್ದಳು, ಆಕಿಯ ಬಲಗಿವಿ ಹರಿದಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾಡಿನಿಂದ ಇಳಿದು ಮೋರಿಯೊಳಗೆ ಹೊಕ್ಕು ಆಚೆ ಹೋಗುತ್ತಿದ್ದಳು. ನಸುಕಿನಲ್ಲಿ ಅದೇ ದಾರಿಯಲ್ಲಿ ವಾಪಸು. ನಾನೂ ಒಂದು ಬೆಳಿಗ್ಗೆ ಹಾಲು ಕಾಯಿಸುತ್ತಾ ಅಡುಗೆಮನೆಯ ಕಿಟಕಿಯಿಂದ ನೋಡಿದ್ದೇನೆ. ನಾಲ್ಕನೇ ಮಹಡಿಯಲ್ಲಿದ್ದರೂ ಹೆದರಿ ನಿಂತೆ, ಹಾಲು ಉಕ್ಕಿತು.

ಕೆಳಗಿದ್ದವರಿಗೆ ಹೆದರಿಕೆ ಇರಲಿಲ್ಲವೇ? ಇತ್ತು. ಅದಕ್ಕೇ ಅವರೊಂದು ಪದ್ಧತಿ ಮಾಡಿಕೊಂಡಿದ್ದರು. ನಾಲಾದ ಕಡೆ ಹೋಗುವವರು ಮೊದಲು ಘಮೇಲಾವನ್ನು (ಕಾಂಕ್ರೀಟು ಹೊರುವ ಕಬ್ಬಿಣದ ಬುಟ್ಟಿ) ಕೋಲಿನಿಂದ ಮೂರು ಸಲ ಬಾರಿಸಬೇಕು. ನಾವು ಬರುತ್ತಿದ್ದೇವೆ ಅಂತ ಆಕೆಗೆ ಹೇಳುವುದು. ಆಕೆ ನಿಲ್ಲುತ್ತಿದ್ದಳು. ಇವರು ಹೋಗಿ ಬಂದಮೇಲೆ ಹೊರಡುತ್ತಿದ್ದಳು. ದೀಪ ಹಚ್ಚಿದ ಮೇಲೆ ಮಕ್ಕಳು ಹೊರಗಿಲ್ಲ, ಕೋಳಿ ಬುಟ್ಟಿಯ ಕೆಳಗೆ, ಹಳಸಿದ್ದನ್ನು ನಾಯಿ ಸೇರುವ ಹಾಗೆ ಹೊರಗೆ ಚೆಲ್ಲುವಂತಿಲ್ಲ. ಇದನ್ನು ಯಾರು ಕಲಿಸಿದರು ಎಂದು ಕೇಳಿದ್ದೆ. ಯಾರೂ ಇಲ್ಲ ಅಂದಿದ್ದಳು ಯಲ್ಲವ್ವ. ಇಷ್ಟು ವರ್ಷದಲ್ಲಿ ಆ ಇಳಿಜಾರಿನಲ್ಲಿ ಒಂದು ಮಗುವಿಗೂ ಗೀರು ಬಿದ್ದಿರಲಿಲ್ಲ.

ಪ್ಲಾನಿಂಗ್ ಅಂದರೆ ಇದೇ ಅಲ್ಲವೇ? ಯಾವ ಕಚೇರಿಯೂ ಇದಕ್ಕಿಂತ ಒಳ್ಳೆಯದನ್ನು ಮಾಡಿದ್ದು ನಾನು ಕಂಡಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಸ್ನೇಹಾ ಬಂದಳು. ಇಪ್ಪತ್ತಮೂರು-ಇಪ್ಪತ್ತನಾಲ್ಕರ ಹುಡುಗಿ. ಜೀನ್ಸು, ಕ್ಯಾಪು, ಕೊರಳಿಗೆ ಐಡಿ ಕಾರ್ಡು, ಕೈಯಲ್ಲಿ ಟ್ಯಾಬ್. ಸರ್ವೇ ಕಂಪನಿಯೊಂದರ ಕೆಲಸ. ಕೆಳಗಿನ ಜೋಪಡಾದವರಿಗೆ ಮರಾಠಿ ಸರಿಯಾಗಿ ಬರುವುದಿಲ್ಲ, ಕನ್ನಡ ಬಲ್ಲವರು ಯಾರಾದರೂ ಜೊತೆಗೆ ಬರಬೇಕು ಎಂದು ವಾಚ್‌ಮನ್‌ನನ್ನು ಕೇಳಿದ್ದಾಳೆ. ಅವನು ನನ್ನ ಬಾಗಿಲು ತೋರಿಸಿದ್ದಾನೆ. ರಿಟೈರ್ಡ್ ಟೀಚರ್‌ಗೆ ಯಾರಾದರೂ ಸಹಾಯ ಕೇಳಿದರೆ ಮುಗಿಯಿತು. ಗ್ಯಾಸ್ ಆರಿಸಿ, ಚಪ್ಪಲಿ ಮೆಟ್ಟಿ ನಡೆದೆ.

ದಾರಿಯಲ್ಲಿ ಸ್ನೇಹಾ ವಿವರಿಸಿದಳು. ಮೇಲಿನ ಕಾಡಿನಿಂದ ಪವಾಯಿ ಕೆರೆಯವರೆಗೆ, ಈಚೆಗೆ ಅಂಧೇರಿಯವರೆಗೆ, ಇಡೀ ಪ್ರದೇಶಕ್ಕೆ ಒಂದೇ ಯೋಜನೆ ಆಗುತ್ತಿದೆ. ಕಾಡಿಗೆ ಬೇಲಿ ಹಾಕಿದರೆ ಪ್ರಾಣಿ ಉಳಿಯುವುದಿಲ್ಲ. ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಆ ದಾರಿ ಉಳಿಯಬೇಕು. ದಾರಿ ಇರುವ ಕಡೆ ನಕ್ಷೆಯಲ್ಲಿ ಹಸಿರು ಬಣ್ಣ. ಹಸಿರಿನಲ್ಲಿ ಏನೂ ಕಟ್ಟುವಂತಿಲ್ಲ. ಉಳಿದದ್ದು ಹಳದಿ, ಅಲ್ಲಿ ಕಟ್ಟಲು ಅಡ್ಡಿಯಿಲ್ಲ.

ಕೇಳಿ ಖುಷಿಯಾಯಿತು. ಈ ಊರಿನಲ್ಲಿ ಯಾರೋ ಒಬ್ಬರು ಸರಿಯಾಗಿ ಯೋಚಿಸುತ್ತಿದ್ದಾರಲ್ಲ ಅನ್ನಿಸಿತು. ಆ ಖುಷಿ ಯಲ್ಲವ್ವನ ಬಾಗಿಲವರೆಗೆ ಮಾತ್ರ ಬಂತು.

ಅವಳು ಬಾಗಿಲ ಮುಂದೆ ಕೂತು ಪಾತ್ರೆ ತಿಕ್ಕುತ್ತಿದ್ದಳು. ಸ್ನೇಹಾ ಮರಾಠಿಯಲ್ಲಿ ಕೇಳಿದ್ದನ್ನು ನಾನು ಕನ್ನಡದಲ್ಲಿ ಕೇಳಿದೆ: ಇಲ್ಲಿ ಕಾಡುಪ್ರಾಣಿ ಏನಾದರೂ ಓಡಾಡುತ್ತವೆಯೇ? ಯಲ್ಲವ್ವ ಟ್ಯಾಬ್ ನೋಡಿದಳು, ಹುಡುಗಿಯ ಐಡಿ ಕಾರ್ಡು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಕೈ ನಿಲ್ಲಿಸಲಿಲ್ಲ.

"ಆಕಿ ದಿನಾ ಬರ್ತಾಳಲ್ರೀ, ನಿಮಗ ಗೊತ್ತಿಲ್ಲೇನು. ಆದ್ರ ಇವ್ರಿಗಿ ಹೇಳಬ್ಯಾಡ್ರಿ ಅಕ್ಕೋರ. ಆಕಿ ಅದಾಳಂತ ಗೊತ್ತಾತಂದ್ರ ನಮ್ಮನ್ನ ಇಲ್ಲಿ ಇರಗೊಡಂಗಿಲ್ಲ."

ಅವಳು ಅನುಭವದಿಂದ ಹೇಳುತ್ತಿದ್ದಳು. ಹಿಂದೆ ಕಾಡಿಗೆ ಇನ್ನೂ ಹತ್ತಿರದ ಒಂದು ಜಾಗದಲ್ಲಿ ಇವರೆಲ್ಲ ಇದ್ದರಂತೆ. ಅಲ್ಲಿ ಯಾರೋ ಒಬ್ಬ ಟಿವಿಯವರ ಮುಂದೆ ಚಿರತೆ ಬರುತ್ತದೆ ಎಂದು ಕೈ ತಿರುಗಿಸಿ ತಿರುಗಿಸಿ ಹೇಳಿದ. ಕೆಲವೇ ದಿನಕ್ಕೆ, ಇದು ಪ್ರಾಣಿಗಳ ಜಾಗ, ಖಾಲಿ ಮಾಡಿ ಎಂದು ನೋಟೀಸು ಬಂತು. ಅಂದಿನಿಂದ ಇವರೊಳಗೆ ಒಂದು ನಿಯಮ. ಹೊರಗಿನವರು ಕೇಳಿದರೆ ಆಕಿ ಇಲ್ಲ. ನಲವತ್ತು ಮನೆಯವರೂ, ಸಣ್ಣ ಮಕ್ಕಳ ಸಮೇತ, ಹಾಗೇ ಹೇಳುತ್ತಿದ್ದರು.

ನನ್ನ ತಲೆಯಲ್ಲಿ ಲೆಕ್ಕ ಸರಳವಾಗಿತ್ತು. ಚಿರತೆ ಇದೆ ಅಂದರೆ ಹಸಿರು. ಹಸಿರು ಅಂದರೆ ಯಲ್ಲವ್ವನ ಮನೆ ಹೋಯಿತು. ಸೊಂಟ ಮುರಿದ ಗಂಡನನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುತ್ತಾಳೆ? ಚಿರತೆಗೇನು, ನಾನು ಇದೆ ಅಂದರೂ ಇಲ್ಲ ಅಂದರೂ ಅದು ಸಂಜೆ ಬರುತ್ತದೆ, ನಸುಕಿಗೆ ಹೋಗುತ್ತದೆ.

ಸ್ನೇಹಾಳ ಕಡೆ ತಿರುಗಿ, 'ಕಾಹೀ ನಾಹೀ' ಅಂದೆ. ಏನೂ ಇಲ್ಲ. ನಾಯಿ, ಬೆಕ್ಕು, ಅಷ್ಟೇ.

ಹುಡುಗಿ ಕ್ಷಣಹೊತ್ತು ನನ್ನ ಮುಖ ನೋಡಿದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾಳೆ ಅಂದುಕೊಂಡೆ. ಆಮೇಲೆ ಟ್ಯಾಬ್‌ನಲ್ಲಿ ಏನೋ ಒತ್ತಿದಳು. ದುಭಾಷಿಯಾಗಿ ನನ್ನ ಸಹಿ ಬೇಕು ಎಂದಳು. ಬೆರಳು ಜಾರಿ ಹೆಸರಿನ ಕೊನೆಯ ಅಕ್ಷರ ಗೀಚಾಯಿತು. ಪರವಾಗಿಲ್ಲ ಎಂದಳು.

ಮೇಲೆ ನಮ್ಮ ಬಿಲ್ಡಿಂಗಿನವರು ಏನು ಹೇಳಿದರು ಅಂತ ಕೇಳುತ್ತೀರಾ? ಅವರೂ ಅದೇ. ಬಿಲ್ಡರ್ ಹಳೆಯದನ್ನು ಕೆಡವಿ ದೊಡ್ಡದು ಕಟ್ಟಿಕೊಡುವ ರೀಡೆವಲಪ್‌ಮೆಂಟಿಗೆ ಕಾದು ಕೂತಿರುವ ಸೊಸೈಟಿ ನಮ್ಮದು. ಚಿರತೆ ಅಂದರೆ ಬಿಲ್ಡರ್ ಓಡಿಹೋಗುತ್ತಾನೆ ಎಂದು ಸೆಕ್ರೆಟರಿ ಮೊದಲೇ ವಾಟ್ಸಾಪ್‌ನಲ್ಲಿ ಮೆಸೇಜ್ ಹಾಕಿದ್ದರು. ಒಂದು ವಿಷಯದಲ್ಲಾದರೂ ಜೋಪಡಾದವರು, ಬಿಲ್ಡಿಂಗಿನವರು ಒಗ್ಗಟ್ಟಾಗಿದ್ದೆವು. ಬಡವರು ಮನೆಗಾಗಿ, ಇವರು ಇನ್ನೂ ದೊಡ್ಡ ಮನೆಗಾಗಿ.

ಮಳೆಗಾಲ ಮುಗಿದ ಮೇಲೆ ಕರಡು ನಕ್ಷೆ ಬಂತು. ಸೆಕ್ರೆಟರಿ ಅದನ್ನು ನೋಟೀಸ್ ಬೋರ್ಡಿಗೆ ಅಂಟಿಸಿ ಪೇಢೆ ಹಂಚಿದರು. ಗುಡ್ಡದ ಮೇಲೆ ಹಸಿರು ಚೆನ್ನಾಗಿತ್ತು. ನಮ್ಮ ನಾಲಾ ಬರುವಷ್ಟರಲ್ಲಿ ನಿಂತುಹೋಗಿತ್ತು. ಈಚೆ ಪೂರ್ತಿ ಹಳದಿ. ನನಗೂ ಸಮಾಧಾನ. ಯಲ್ಲವ್ವನಿಗೆ ಎರಡು ಪೇಢೆ ಕಟ್ಟಿಕೊಟ್ಟೆ, ನಿನ್ನ ಮನೆ ಉಳಿಯಿತು ಎಂದೆ. ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು. ಹಳದಿಯ ನಡುವೆ ಎರಡು ಸಣ್ಣ ಕೆಂಪು ಗೆರೆಗಳಿದ್ದವು. ಅದೇನು ಎಂದು ನಾನು ಕೇಳಲಿಲ್ಲ. ಸಲಹೆ, ಆಕ್ಷೇಪಣೆ ಇದ್ದರೆ ತಿಂಗಳೊಳಗೆ ತಿಳಿಸಿ ಎಂದು ಕೆಳಗೆ ಬರೆದಿತ್ತು. ಆಕ್ಷೇಪಣೆ ಯಾಕೆ ಮಾಡಲಿ? ಪೇಢೆ ತಿಂದಿದ್ದೆ.

ಆ ಕೆಂಪು ಗೆರೆಗಳು ರಸ್ತೆ.

ಯಾವ ಅಡ್ಡಿಯೂ ಇಲ್ಲದ ಜಾಗದಲ್ಲಿ ರಸ್ತೆ ಬೇಗ ಬರುತ್ತದೆ. ಯಾರದೂ ಓಡಾಟ ಇಲ್ಲ ಎಂದು ನಾವೇ ಬರೆಸಿದ್ದೆವಲ್ಲ. ಒಂದು ದಿನ ಜೋಪಡಾಗಳ ಗೋಡೆ ಮೇಲೆ ಕೆಂಪು ಬಣ್ಣದ ನಂಬರುಗಳು ಕಂಡವು. ಯಲ್ಲವ್ವನದು ಹದಿನೇಳು. ತಿಂಗಳು ಕಳೆದು ಜೆಸಿಬಿ ಬಂದ ದಿನ ನಾನು ಅಡುಗೆಮನೆಯ ಕಿಟಕಿ ಮುಚ್ಚಿಕೊಂಡೆ. ಸದ್ದು ಹೇಗೂ ಕೇಳುತ್ತದೆ. ಯಲ್ಲವ್ವ ಈಗ ದೂರದ ನಾಲಾಸೋಪಾರಾ ಸ್ಟೇಷನ್ನಿನ ಆಚೆ ಒಂದು ಕೋಣೆಯಲ್ಲಿದ್ದಾಳೆ. ಮೂರು ಮನೆಯ ಕೆಲಸ ಬಿಡಲಾಗದೆ ಬೆಳಗಿನ ಲೋಕಲ್‌ನಲ್ಲಿ ನೇತಾಡಿಕೊಂಡು ಬರುತ್ತಾಳೆ. ಗಂಡನನ್ನು ಹೊರಗಿನಿಂದ ಚಿಲಕ ಹಾಕಿ ಬರುತ್ತಾಳೆ.

ಅವಳು ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾಲಾಕ್ಕೆ ಕಾಂಕ್ರೀಟಿನ ಮುಚ್ಚಳ ಬಿತ್ತು. ಮೋರಿಯ ಬಾಯಿಗೆ ಕಬ್ಬಿಣದ ಜಾಲರಿ. ಗುಡ್ಡದ ಮಣ್ಣು ಜರುಗದಂತೆ ಉದ್ದಕ್ಕೂ ಎತ್ತರದ ಗೋಡೆ. ಆ ದಿನಗಳಲ್ಲೇ ಒಂದು ನಸುಕಿನಲ್ಲಿ ನಾನು ಆಕೆಯನ್ನು ಇನ್ನೊಮ್ಮೆ ನೋಡಿದೆ. ಒಡೆದ ಜೋಪಡಾಗಳ ಇಟ್ಟಿಗೆಯ ರಾಶಿಯ ಮೇಲೆ ಕೂತಿದ್ದಳು. ಎದುರಿಗೆ ಗೋಡೆ. ಎದ್ದು ಗೋಡೆಯ ಪಕ್ಕ ಆ ತುದಿಯವರೆಗೆ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು. ಅಷ್ಟು ವರ್ಷ ನಡೆದ ದಾರಿ, ಹೀಗೆ ಒಂದೇ ಸಲ ಇಲ್ಲವಾಗಿದೆ ಅಂದರೆ ಆಕೆಗೆ ನಂಬಿಕೆ ಹೇಗೆ ಬರಬೇಕು? ಈ ಸಲ ನನಗೆ ಹೆದರಿಕೆಯಾಗಲಿಲ್ಲ. ನಾಚಿಕೆಯಾಯಿತು.

ಮೋರಿಯ ಒಳಗಿನಿಂದ ರಸ್ತೆ ದಾಟುತ್ತಿದ್ದವಳು, ಮೋರಿ ಮುಚ್ಚಿದ ಮೇಲೆ ಗಾಡಿಗಳ ನಡುವೆ ರಸ್ತೆಯ ಮೇಲೆಯೇ ದಾಟಲು ಹೋದಳು. ಮುಂದೆ ಏನಾಯಿತು ಅನ್ನುವುದು ನಿಮ್ಮಲ್ಲಿ ಹಲವರ ಫೋನಿಗೂ ಬಂದಿರುತ್ತದೆ. ಯಾವ ಗಾಡಿ ಅಂತ ಗೊತ್ತಾಗಲಿಲ್ಲ, ಅದು ನಿಲ್ಲಲಿಲ್ಲ. ನಿಂತವರೆಲ್ಲ ವಿಡಿಯೋ ಮಾಡಿದವರು. ನಮ್ಮ ಸೊಸೈಟಿಯ ಗ್ರೂಪಿನಲ್ಲಿ ಅರವತ್ತು ಜನ ಕೈಮುಗಿದ ಚಿತ್ರ ಹಾಕಿದರು. ನಮ್ಮ ಏರಿಯಾದಲ್ಲಿ ಚಿರತೆ ಇತ್ತೇ ಎಂದು ಸೆಕ್ರೆಟರಿ ಆಶ್ಚರ್ಯಪಟ್ಟರು. (ಹೌದು, ಅದೇ ಸೆಕ್ರೆಟರಿ.)

ಮಾರನೆಯ ದಿನ ಯಲ್ಲವ್ವ ಪಾತ್ರೆ ತಿಕ್ಕುವುದನ್ನು ಅರ್ಧಕ್ಕೆ ಬಿಟ್ಟು, ಕೈ ಒರೆಸಿಕೊಂಡು, ತನ್ನ ಫೋನ್ ತಂದು ನನ್ನ ಮುಂದೆ ಹಿಡಿದಳು. ವಿಡಿಯೋವನ್ನು ಒಂದು ಕಡೆ ನಿಲ್ಲಿಸಿದ್ದಳು. ಬಲಗಿವಿ ಹರಿದಿತ್ತು. ನಾನು ನೋಡಿದೆ, ಅವಳು ತಲೆಯಾಡಿಸಿದಳು, ಫೋನ್ ಸೆರಗಿನೊಳಗೆ ಹೋಯಿತು. ಉಳಿದ ಪಾತ್ರೆ ತಿಕ್ಕಿದಳು.

ಈಗ ಆ ಗೋಡೆಯ ಮೇಲೆ ಚಿತ್ರ ಬರೆಸಿದ್ದಾರೆ. ನಗರವನ್ನು ಸುಂದರ ಮಾಡುವ ಕೆಲಸವಂತೆ. ನವಿಲು, ಜಿಂಕೆ, ದೊಡ್ಡ ಕಣ್ಣಿನ ಒಂದು ಚಿರತೆ. ಕೆಳಗೆ 'ನಮ್ಮ ವನ್ಯಜೀವಿ, ನಮ್ಮ ಹೆಮ್ಮೆ' ಎಂದು ಮರಾಠಿಯಲ್ಲಿ. ದಾರಿ ಮುಚ್ಚಿದ ಗೋಡೆಯ ಮೇಲೇ ಅದರ ಚಿತ್ರ ಬರೆಯಲು ಎಂಥ ಧೈರ್ಯ ಬೇಕು? ಅಥವಾ ಧೈರ್ಯ ಬೇಕಾಗಿಲ್ಲ, ಗೊತ್ತಿಲ್ಲದಿದ್ದರೆ ಸಾಕು. ಸ್ಟೇಷನ್ನಿಗೆ ಹೋಗುವಾಗ ನಾನೂ ಯಲ್ಲವ್ವನೂ ಅದರ ಮುಂದೆ ನಿಂತೆವು. ಅವಳು ತುಂಬಾ ಹೊತ್ತು ನೋಡಿದಳು.

"ಇದರ ಎರಡೂ ಕಿವಿ ಸರಿ ಅದಾವ. ಇದು ಯಾರೋ ಬ್ಯಾರೆ."

ಆ ಮಾತು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಕಳೆದ ವಾರ ಸ್ನೇಹಾಳನ್ನು ಹುಡುಕಿಕೊಂಡು ಅಂಧೇರಿಯಲ್ಲಿರುವ ಅವಳ ಆಫೀಸಿಗೆ ಹೋದೆ. ಅವಳ ಕಾರ್ಡು ಇನ್ನೂ ನನ್ನ ಪರ್ಸಿನಲ್ಲೇ ಇತ್ತು. ಮೂರನೇ ಮಹಡಿ, ಎಸಿ, ಗೋಡೆ ತುಂಬ ನಕ್ಷೆ. ನೀರು ಕೊಟ್ಟು ಕೂರಿಸಿದಳು. ಹೋದ ವರ್ಷ ನಾನು ಸುಳ್ಳು ಹೇಳಿದೆ, ನೀನು ತಿಳಿಯದೆ ಬರೆದುಕೊಂಡೆ, ಈಗ ತಿದ್ದಲು ಬರುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದೆ. ಕೇಳುವಾಗಲೇ ಅಳು ಬಂತು. ಆ ಹುಡುಗಿ ಒಂದೊಂದೇ ಶಬ್ದ ಹುಡುಕಿ, ಕನ್ನಡದಲ್ಲಿ ಮಾತಾಡಿದಳು.

"ಟೀಚರ್, ನನಗೆ ಕನ್ನಡ... ಸಮಝ್ ಆಗ್ತದೆ. ಮಾತಾಡಲು ಬರಲ್ಲ, ಅದಕ್ಕೆ ನಿಮ್ಮನ್ನ ಕರೆದೆ. ನಮ್ಮ ಪಪ್ಪಾ ಬೆಳಗಾವಿ. ಆ ಆಂಟಿ ಹೇಳಿದ್ದು ನನಗೆ ಪೂರಾ ಸಮಝ್ ಆಗಿತ್ತು."

ಮತ್ತೆ ಯಾಕೆ ಬರೆಯಲಿಲ್ಲ ಎಂದು ಕೇಳಿದೆ. ನನ್ನ ಸ್ವರ ಕ್ಲಾಸಿನಲ್ಲಿದ್ದ ಹಾಗೆ ಏರಿತ್ತು.

"ಆಂಟಿ ಬೇಡ ಅಂದ್ರು. ನೀವು ಟೀಚರ್, ನೀವೂ ಇಲ್ಲ ಅಂದ್ರಿ. ಅವರ ಘರ್ ಹೋಗಬಾರದು ಅಂತ... ನಾನೂ ಇಲ್ಲ ಅಂತ ಒತ್ತಿದೆ."

ಅಂದರೆ ಅಲ್ಲಿ ನಿಂತಿದ್ದ ಮೂವರಿಗೂ ಗೊತ್ತಿತ್ತು. ಒಬ್ಬಳು ಮನೆ ಉಳಿಸಿಕೊಳ್ಳಲು ಮುಚ್ಚಿಟ್ಟಳು, ಇಬ್ಬರು ಅವಳ ಮೇಲಿನ ಕನಿಕರದಿಂದ ಮುಚ್ಚಿಟ್ಟೆವು. ಮೂವರು ಕನ್ನಡದ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಒಳ್ಳೆಯ ಮನಸ್ಸಿನಿಂದ, ಒಂದು ಪ್ರಾಣಿಯನ್ನು ನಕ್ಷೆಯಿಂದ ಅಳಿಸಿದೆವು. ಇದರಲ್ಲಿ ಕೆಟ್ಟವರು ಯಾರೆಂದು ಬೈಯೋಣ? ನನಗೆ ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ಈ ಅಂಕಣ ಬರೆಯುವುದು ಸುಲಭವಾಗುತ್ತಿತ್ತು.

ಇನ್ನೂ ಒಂದು ಕೇಳಿದೆ. ಕೇಳಬಾರದಿತ್ತು. ಅವತ್ತು ನಿಜ ಹೇಳಿದ್ದರೆ ಏನಾಗುತ್ತಿತ್ತು? ಸ್ನೇಹಾ ಮತ್ತೆ ಮರಾಠಿಗೆ ಹೋದಳು. ನಾಲಾ ಹಸಿರು ಆಗುತ್ತಿತ್ತು. ಹಸಿರಿನಲ್ಲಿ ರಸ್ತೆ ತರುವುದು ಕಷ್ಟ. ರಸ್ತೆ ಬರದಿದ್ದರೆ ಜೋಪಡಾಗಳನ್ನು ಯಾರೂ ಸದ್ಯಕ್ಕೆ ಮುಟ್ಟುತ್ತಿರಲಿಲ್ಲ. ಮುಂದೆ ಏನಾದರೂ ಆಗಬಹುದಿತ್ತು, ಗ್ಯಾರಂಟಿ ಇಲ್ಲ. ಇದು ಅವಳಿಗೂ ನಕ್ಷೆ ಬಂದಮೇಲೇ ಗೊತ್ತಾದದ್ದು. ಅವಳ ಕೆಲಸ ಪ್ರಶ್ನೆ ಕೇಳುವುದು, ಬಣ್ಣ ಹಚ್ಚುವವರು ಬೇರೆ, ಗೆರೆ ಎಳೆಯುವವರು ಇನ್ನೂ ಬೇರೆ. ಯಾರೂ ಯಾರನ್ನೂ ನೋಡಿಲ್ಲ.

ಯಲ್ಲವ್ವನ ಮನೆಗೆ ಇಷ್ಟು ವರ್ಷ ಕಾವಲಾಗಿ ನಿಂತದ್ದು ಆಕಿಯೇ ಅಂತಾಯಿತು. ನಾನು ಆಕೆಯನ್ನೇ ಶತ್ರು ಅಂದುಕೊಂಡೆ. ಈ ಮಾತನ್ನು ಯಲ್ಲವ್ವನಿಗೆ ಹೇಳಿಲ್ಲ. ಹೇಳುವ ಧೈರ್ಯ ನನಗಿಲ್ಲ. ಅವಳು ಕನ್ನಡ ಪೇಪರ್ ಓದುವುದಿಲ್ಲ ಅನ್ನುವ ಭರವಸೆಯ ಮೇಲೆ ಇಲ್ಲಿ ಬರೆಯುತ್ತಿದ್ದೇನೆ. (ಮಗಳು ಓದುತ್ತಾಳೆ. ಓದಲು ಕಲಿಸಿದವಳು ನಾನೇ.)

ಹಳೆಯ ದಾಖಲೆ ತಿದ್ದಲು ಬರುವುದಿಲ್ಲವಂತೆ. ಹೇಳಿಕೆ ಕೊಟ್ಟವರು ಅದೇ ವಿಳಾಸದಲ್ಲಿ ಇರಬೇಕು. ಆ ವಿಳಾಸವೇ ಈಗ ಇಲ್ಲ, ಅಲ್ಲಿ ಡಿವೈಡರ್ ಇದೆ.

ಹೊರಡುವಾಗ ಸ್ನೇಹಾ ಲಿಫ್ಟಿನವರೆಗೆ ಬಂದಳು. ಮುಂದಿನ ತಿಂಗಳು ಮರುಪರಿಶೀಲನೆಯ ಸರ್ವೇ ಇದೆ, ನಿಮ್ಮ ಬಿಲ್ಡಿಂಗಿಗೆ ನಾನೇ ಬರುತ್ತೇನೆ, ಪ್ರಶ್ನೆ ಅದೇ ಇರುತ್ತದೆ ಎಂದಳು. ಇಲ್ಲಿ ಕಾಡುಪ್ರಾಣಿ ಓಡಾಡುತ್ತದೆಯೇ? ಈ ಸಲ ನಿಜ ಹೇಳಿ ಟೀಚರ್, ನಾನೂ ನಿಜವನ್ನೇ ಬರೆಯುತ್ತೇನೆ ಎಂದು ನನ್ನ ಕೈ ಹಿಡಿದುಕೊಂಡಳು.

ಹೇಳುತ್ತೇನೆ. 'ಕಾಹೀ ನಾಹೀ' ಅನ್ನಲು ಈ ಸಲ ನಾನು ಸುಳ್ಳು ಹೇಳಬೇಕಾಗಿಲ್ಲ.